ಸೂಜಿ ಚಿಕಿತ್ಸೆಗೆ ಮೊದಲ ಸಲ ಹೋಗುವ ಮುನ್ನ

ಕಬ್ಬಿನ ಬೇಸಾಯದಲ್ಲಿ ಬೆನ್ನು ಬಗ್ಗಿಸದೆ ಆಗುವ ಕೆಲಸ ಬಹಳ ಕಡಿಮೆ. ಬಿತ್ತನೆ ತುಂಡು ಊರುವಾಗ ಬಗ್ಗಬೇಕು, ಕಳೆ ಕೀಳುವಾಗ ಬಗ್ಗಬೇಕು, ಬುಡಕ್ಕೆ ಮಣ್ಣು ಏರಿಸುವಾಗ ಬಗ್ಗಬೇಕು. ಕಟಾವಿನಲ್ಲಿ ನೆಲಮಟ್ಟಕ್ಕೆ ಮಚ್ಚು ಹಾಕಬೇಕಾದರೆ ನಡು ಇನ್ನಷ್ಟು ಬಾಗಬೇಕು. ಅದಾದ ಮೇಲೆ ಕಟ್ಟು ಹೊತ್ತು ಲಾರಿಗೆ ಏರಿಸುವ ಕೆಲಸ ಬೇರೆ. ಆದ್ದರಿಂದ ಐವತ್ತು ದಾಟಿದ ಬೆಳೆಗಾರ ಬಂಧುಗಳಲ್ಲಿ ಸೊಂಟ, ಮಂಡಿ, ಕುತ್ತಿಗೆ ಈ ಮೂರರಲ್ಲಿ ಒಂದಾದರೂ ನೋಯದವರು ಸಿಗುವುದು ಅಪರೂಪವೆಂದೇ ಹೇಳಬೇಕು.

ನೋವಿದ್ದವನಿಗೆ ಊರೆಲ್ಲ ವೈದ್ಯರು. ಒಬ್ಬರು ಎಣ್ಣೆ ತಿಕ್ಕಿಸು ಎನ್ನುತ್ತಾರೆ, ಇನ್ನೊಬ್ಬರು ನರ ಎಳೆಯುವವರ ಬಳಿ ಹೋಗು ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಸಲಹೆ ಸೇರಿಕೊಂಡಿದೆ. ಅದು ಅಕ್ಯುಪಂಕ್ಚರ್, ಅಂದರೆ ಸೂಜಿ ಚಿಕಿತ್ಸೆ. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ ರಸ್ತೆಯಲ್ಲಿ ತುಡಿಯಲೂರು, ಪೆರಿಯನಾಯಕನಪಾಳ್ಯಂ ಎಂದು ಬಸ್ಸಿನಲ್ಲಿ ಹೋಗುವಾಗಲೂ ಈ ಹೆಸರಿನ ಫಲಕಗಳು ಕಣ್ಣಿಗೆ ಬೀಳುತ್ತವೆ. "ಮಾತ್ರೆ ಬೇಡ, ಆಪರೇಷನ್ ಬೇಡ, ಸೂಜಿಯಿಂದಲೇ ಎಲ್ಲವೂ ಗುಣ" ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ.

ಈ ಮಾತಿನಲ್ಲಿ ನಿಜವೆಷ್ಟು, ಅತಿಶಯವೆಷ್ಟು? ಮೊದಲ ಸಲ ಹೋಗುವವರು ಏನನ್ನು ನಿರೀಕ್ಷಿಸಬೇಕು, ಯಾವುದಕ್ಕೆ ಎಚ್ಚರವಾಗಿರಬೇಕು? ಇದನ್ನು ಬೆಳೆಗಾರರಿಗೆ ಅರ್ಥವಾಗುವಂತೆ ತಿಳಿಸುವುದೇ ಈ ಲೇಖನದ ಉದ್ದೇಶ. ಲೇಖಕನು ವೈದ್ಯನಲ್ಲ. ನಿಮ್ಮಂತೆಯೇ ಒಬ್ಬ ಬೆಳೆಗಾರ. ಸ್ವತಃ ಚಿಕಿತ್ಸೆ ಮಾಡಿಸಿಕೊಂಡು, ಮೊದಲು ಒಂದು ತಪ್ಪನ್ನೂ ಮಾಡಿ, ತಿಳಿದವರಿಂದ ಕೇಳಿ ಓದಿ ಅರಿತದ್ದನ್ನು ಇಲ್ಲಿ ಬರೆದಿದ್ದಾನೆ.

ಚಿಕಿತ್ಸೆ ಬಂದ ದಾರಿ

ಸೂಜಿ ಚಿಕಿತ್ಸೆಯ ತವರು ಚೀನಾ ದೇಶ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ "ಹಳದಿ ಚಕ್ರವರ್ತಿಯ ವೈದ್ಯಗ್ರಂಥ"ದಲ್ಲಿ ಇದರ ವಿವರಗಳಿವೆ. ಅಕ್ಯುಪಂಕ್ಚರ್ ಎಂಬ ಹೆಸರು ಮಾತ್ರ ಯೂರೋಪಿನವರು ಇಟ್ಟದ್ದು. ಲ್ಯಾಟಿನ್ ಭಾಷೆಯಲ್ಲಿ "ಅಕಸ್" ಎಂದರೆ ಸೂಜಿ, "ಪಂಕ್ಚುರಾ" ಎಂದರೆ ಚುಚ್ಚುವಿಕೆ.

ನಮ್ಮ ದೇಶಕ್ಕೆ ಇದು ಬಂದ ಕಥೆ ಹೆಮ್ಮೆ ಪಡತಕ್ಕದ್ದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನೆರವಾಗಲು ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳಿಸಿತು. ಅವರಲ್ಲಿ ಒಬ್ಬರು ನಮ್ಮ ವಿಜಾಪುರಕ್ಕೆ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು. ಅವರು ಅಲ್ಲಿಯೇ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡರು. ಅವರ ಬಾಳನ್ನು ಕುರಿತು 1946ರಲ್ಲಿ ವಿ. ಶಾಂತಾರಾಮರು ತೆಗೆದ ಚಲನಚಿತ್ರ ಹಿರಿಯರಿಗೆ ನೆನಪಿರಬಹುದು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆಯನ್ನು ಕಲಿತು ಬಂದರು. 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಭಾರತದಲ್ಲಿ ಈ ಪದ್ಧತಿಗೆ ನೆಲೆ ಸಿಕ್ಕಿದ್ದು ಹೀಗೆ.

ಜಗತ್ತಿನ ಗಮನ ಇದರ ಮೇಲೆ ಬಿದ್ದದ್ದು 1971ರಲ್ಲಿ. ಚೀನಾಕ್ಕೆ ಹೋಗಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗಿನಲ್ಲಿ ಅಪೆಂಡಿಸೈಟಿಸ್ ಆಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಅಲ್ಲಿನ ವೈದ್ಯರು ಮೊಳಕೈಗೂ ಮಂಡಿಯ ಕೆಳಗೂ ಸೂಜಿ ಚುಚ್ಚಿ ಶಮನ ಮಾಡಿದರು. ಅದನ್ನು ಅವರು ತಮ್ಮ ಪತ್ರಿಕೆಯಲ್ಲಿ ಬರೆದರು. ಸೂಜಿಯಿಂದಲೇ ಮರವು ಮಾಡಿ ಅವರ ಹೊಟ್ಟೆ ಕೊಯ್ದರೆಂದು ಅನೇಕರು ಹೇಳುವುದುಂಟು. ಅದು ಸರಿಯಲ್ಲ. ಶಸ್ತ್ರಚಿಕಿತ್ಸೆ ನಡೆದದ್ದು ಎಂದಿನ ಮರವಿನ ಇಂಜೆಕ್ಷನ್ ಕೊಟ್ಟು. ಸೂಜಿ ಬಂದದ್ದು ಆಮೇಲಿನ ಸಂಕಟಕ್ಕೆ. ಸೂಜಿ ಚಿಕಿತ್ಸೆಯ ಸುತ್ತ ನಿಜದ ಜೊತೆ ಅತಿಶಯ ಹೇಗೆ ಬೆಳೆಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಹಳೆಯ ವಿವರಣೆ, ಹೊಸ ವಿವರಣೆ

ಚೀನೀಯರ ಹಳೆಯ ವಿವರಣೆಯಂತೆ ದೇಹದಲ್ಲಿ "ಚೀ" ಎಂಬ ಜೀವಶಕ್ತಿ ಹರಿಯುತ್ತಿರುತ್ತದೆ. ಅದು ಹರಿಯಲು ಹನ್ನೆರಡು ಮುಖ್ಯ ನಾಡಿಮಾರ್ಗಗಳಿವೆ. ಹೊಲದ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಸಾಲಿಗೆ ನೀರು ಹೋಗದಂತೆ, ಮಾರ್ಗದಲ್ಲಿ ತಡೆಯುಂಟಾದರೆ ನೋವು, ರೋಗ ಬರುತ್ತದೆ. ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚಿದರೆ ತಡೆ ಬಿಡುತ್ತದೆ ಎಂಬುದು ಅವರ ನಂಬಿಕೆ. ಇಂಥ 361 ಬಿಂದುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು ಏಕರೂಪದ ಹೆಸರುಗಳನ್ನು ಗೊತ್ತುಪಡಿಸಿದೆ.

ಆದರೆ ದೇಹವನ್ನು ಕೊಯ್ದು ನೋಡಿದ ವಿಜ್ಞಾನಿಗಳಿಗೆ ಇಂಥ ಕಾಲುವೆಗಳು ಎಲ್ಲಿಯೂ ಕಂಡಿಲ್ಲ. ಹಾಗಾದರೆ ಸೂಜಿ ಚುಚ್ಚಿದಾಗ ನೋವು ತಗ್ಗುವುದಾದರೂ ಹೇಗೆ? ಇದಕ್ಕೆ ಹೊಸ ವಿವರಣೆಗಳಿವೆ. ಸೂಜಿಯು ಚರ್ಮ ಮತ್ತು ಸ್ನಾಯುವಿನಲ್ಲಿರುವ ನರಗಳನ್ನು ಕೆಣಕುತ್ತದೆ. ಆ ಸಂದೇಶ ಬೆನ್ನುಹುರಿಗೂ ಮಿದುಳಿಗೂ ತಲಪಿದಾಗ, ದೇಹವು ತನ್ನದೇ ಆದ ನೋವು ನಿವಾರಕ ರಸಗಳನ್ನು ಬಿಡುಗಡೆ ಮಾಡುತ್ತದೆ. ಇವುಗಳಿಗೆ ಎಂಡಾರ್ಫಿನ್ ಎಂದು ಹೆಸರು. 1970ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ, ಈ ರಸಗಳ ಕೆಲಸವನ್ನು ತಡೆಯುವ ಔಷಧಿ ಕೊಟ್ಟಾಗ ಸೂಜಿಯ ಗುಣವೂ ತಗ್ಗಿದ್ದು ಕಂಡುಬಂತು. 2010ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿಯೇ ಅಡಿನೊಸಿನ್ ಎಂಬ ನೋವು ತಗ್ಗಿಸುವ ವಸ್ತು ಹೆಚ್ಚಾಗುವುದನ್ನು ಕಂಡರು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಈ ವಿವರಣೆಗಳೆಲ್ಲ ನೋವಿಗೆ ಸಂಬಂಧಿಸಿದವು. ಸಕ್ಕರೆ ಕಾಯಿಲೆಯನ್ನೋ ಕ್ಷಯವನ್ನೋ ಸೂಜಿಯಿಂದ ಗುಣಪಡಿಸಬಹುದು ಎಂಬುದಕ್ಕೆ ಇವು ಆಧಾರವಾಗುವುದಿಲ್ಲ.

ತಾಕು ಪರೀಕ್ಷೆಯ ಕಣ್ಣಿನಿಂದ

ಒಂದು ಪದ್ಧತಿ ಗುಣ ಕೊಡುತ್ತದೆಯೇ ಎಂದು ತಿಳಿಯುವುದು ಹೇಗೆಂಬುದನ್ನು ಕಬ್ಬು ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಕೊಯಮತ್ತೂರಿನಲ್ಲಿ 1912ರಲ್ಲಿ ಸ್ಥಾಪನೆಯಾದ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯವರು ಹೊಸ ತಳಿಯನ್ನು ಹಾಗೆಯೇ ಬಿಡುಗಡೆ ಮಾಡುವುದಿಲ್ಲ. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ ಕೊಟ್ಟು ಹಳೆಯ ತಳಿಯ ಪಕ್ಕದ ತಾಕಿನಲ್ಲಿ ಬೆಳೆಸಿ ತೂಗಿ ನೋಡುತ್ತಾರೆ. ಪಕ್ಕದಲ್ಲಿ ಹೋಲಿಕೆಯ ತಾಕು ಇಲ್ಲದಿದ್ದರೆ, ಇಳುವರಿ ಹೆಚ್ಚಿದ್ದು ತಳಿಯಿಂದಲೋ ಮಳೆಯಿಂದಲೋ ಹೇಳುವುದು ಹೇಗೆ?

ಸೊಂಟನೋವೂ ಹಾಗೆಯೇ. ಹಲವು ಸಲ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಯಾವ ಚಿಕಿತ್ಸೆ ಮಾಡಿಸಿದ್ದರೂ ಅದಕ್ಕೇ ಹೆಸರು ಬರುತ್ತದೆ. ಆದ್ದರಿಂದ ವಿಜ್ಞಾನಿಗಳು ಇಲ್ಲಿಯೂ ಹೋಲಿಕೆಯ ತಾಕು ಇಟ್ಟು ನೋಡಿದ್ದಾರೆ.

ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬಹುಕಾಲದ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ ಶಾಸ್ತ್ರೋಕ್ತವಾಗಿ ಸೂಜಿ ಚುಚ್ಚಿದರು. ಎರಡನೆಯ ಗುಂಪಿಗೆ ಬಿಂದುಗಳಲ್ಲದ ಕಡೆ, ಆಳಕ್ಕೆ ಹೋಗದಂತೆ ಸುಮ್ಮನೆ ಚುಚ್ಚಿದರು. ಮೂರನೆಯ ಗುಂಪಿಗೆ ಎಂದಿನ ಮಾತ್ರೆ, ವ್ಯಾಯಾಮ ಇತ್ಯಾದಿ ಕೊಟ್ಟರು. ಆರು ತಿಂಗಳ ನಂತರ ಗುಣ ಕಂಡವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4.

ಈ ಅಂಕಿಗಳು ಎರಡು ಸಂಗತಿ ಹೇಳುತ್ತವೆ. ಸೂಜಿ ಚುಚ್ಚಿಸಿಕೊಂಡವರಿಗೆ ಎಂದಿನ ಚಿಕಿತ್ಸೆಗಿಂತ ಹೆಚ್ಚು ಸಮಾಧಾನ ಸಿಕ್ಕಿದ್ದು ನಿಜ. ಆದರೆ ಸರಿಯಾದ ಬಿಂದುವಿನಲ್ಲಿ ಚುಚ್ಚಿದ್ದಕ್ಕೂ ಎಲ್ಲೆಂದರಲ್ಲಿ ಚುಚ್ಚಿದ್ದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗುಣದ ಒಂದು ದೊಡ್ಡ ಪಾಲು ಚುಚ್ಚುವಿಕೆಯಿಂದಲೂ, ವಿಶ್ರಾಂತಿಯಿಂದಲೂ, ಆರೈಕೆಯಿಂದಲೂ, ಗುಣವಾಗುತ್ತದೆಂಬ ನಂಬಿಕೆಯಿಂದಲೂ ಬರುತ್ತಿರಬೇಕು. ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು 2009ರಲ್ಲಿ ಸೊಂಟನೋವಿಗೆ ಇದನ್ನು ಸೂಚಿಸಿ, 2016ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. 2021ರಲ್ಲಿ, ಬೇರೆ ಕಾರಣ ಕಾಣದೆ ಬಹುಕಾಲ ಕಾಡುವ ನೋವಿಗೆ ಇದನ್ನು ಪರಿಶೀಲಿಸಬಹುದೆಂದು ಹೇಳಿತು. ತಿಳಿದವರಲ್ಲಿಯೇ ಚರ್ಚೆ ಮುಗಿದಿಲ್ಲವೆಂಬುದು ಇದರಿಂದ ಸ್ಪಷ್ಟ. ಮೈಗ್ರೇನ್ ತಲೆನೋವು ಮತ್ತೆ ಮತ್ತೆ ಬರುವುದನ್ನು ತಗ್ಗಿಸಲು, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಇದರಿಂದ ಸ್ವಲ್ಪ ಪ್ರಯೋಜನವಿದೆಯೆಂದು ಪರೀಕ್ಷೆಗಳು ತೋರಿಸಿವೆ.

ಒಟ್ಟಿನಲ್ಲಿ, ಕೆಲವು ಬಗೆಯ ನೋವಿಗೆ ಇದು ಒಂದು ಆಸರೆ. ಸಕಲ ರೋಗಕ್ಕೂ ಮದ್ದಲ್ಲ.

ಮೊದಲ ದಿನದ ಅನುಭವ

ಈ ಲೇಖಕನಿಗೆ ಪೆರಿಯನಾಯಕನಪಾಳ್ಯಂ ಬಳಿ ಬಾವಿ ನೀರಿನ ಒಂದೂವರೆ ಎಕರೆ ಕಬ್ಬಿದೆ. ಕೂಳೆ ಬೆಳೆಗೆ ಸೋಗೆ ಹರಡುವ ಸಮಯದಲ್ಲಿ ಸೊಂಟ ಹಿಡಿದುಕೊಂಡು, ನೋವು ಎಡ ತೊಡೆಯವರೆಗೂ ಇಳಿಯಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮೂಳೆಗೆ ಪೆಟ್ಟಿಲ್ಲ, ನರ ಹೆಚ್ಚು ಒತ್ತಿಲ್ಲ, ನಿಧಾನವಾಗಿ ಸರಿಹೋಗುತ್ತದೆ ಎಂದರು. ಎರಡು ತಿಂಗಳಾದರೂ ನೋವು ಪೂರ್ತಿ ಬಿಡಲಿಲ್ಲ. ಕಡೆಗೆ ತರಬೇತಿ ಪಡೆದ ವೈದ್ಯೆಯೊಬ್ಬರ ಬಳಿ ಸೂಜಿ ಚಿಕಿತ್ಸೆಗೆ ಹೋದದ್ದಾಯಿತು. ಅಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳುವುದು ಮೊದಲ ಸಲ ಹೋಗುವವರಿಗೆ ಉಪಯೋಗವಾದೀತು.

ಮೊದಲ ಅರ್ಧ ಗಂಟೆ ಬರೀ ಮಾತು. ನೋವು ಎಂದಿನಿಂದ, ಯಾವ ಕೆಲಸದಲ್ಲಿ ಹೆಚ್ಚು, ನಿದ್ರೆ ಹೇಗೆ, ಬೇರೆ ಕಾಯಿಲೆ ಏನು, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿ ಬರೆದುಕೊಂಡರು. ಆಸ್ಪತ್ರೆಯ ಚೀಟಿಗಳನ್ನು ನೋಡಿದರು. ಕಾಲು ಎತ್ತಿಸಿ, ಪಾದದ ಬಲವನ್ನು ಪರೀಕ್ಷಿಸಿದರು. ನಾಡಿ ಹಿಡಿದು, ನಾಲಗೆಯನ್ನೂ ನೋಡಿದರು. ಇದು ಚೀನೀ ಪದ್ಧತಿಯ ವಾಡಿಕೆ.

"ಬೆಳಿಗ್ಗೆ ತಿಂಡಿ ತಿಂದು ಬಂದಿದ್ದೀರಾ ಅಣ್ಣಾ?" ಎಂದು ಕೇಳಿದರು. ಹಸಿದ ಹೊಟ್ಟೆಯಲ್ಲಿ, ದಣಿದು ಬಂದಾಗ, ಅಥವಾ ತುಂಬ ಹೆದರಿದ್ದಾಗ ಸೂಜಿ ಚುಚ್ಚಿದರೆ ಕೆಲವರಿಗೆ ತಲೆ ಸುತ್ತಿ ಬರುವುದುಂಟಂತೆ. ಆದ್ದರಿಂದ ಮೊದಲ ಸಲ ಕೂರಿಸಿ ಚುಚ್ಚದೆ ಮಲಗಿಸಿಯೇ ಚುಚ್ಚುವುದು ಕ್ಷೇಮ.

ಸೂಜಿಯ ವಿಷಯದಲ್ಲಿ ಎಲ್ಲರಿಗೂ ಭಯವಿರುತ್ತದೆ. ಆದರೆ ಇದು ಇಂಜೆಕ್ಷನ್ ಸೂಜಿಯಂತಲ್ಲ. ಇಂಜೆಕ್ಷನ್ ಸೂಜಿಯೊಳಗೆ ಔಷಧಿ ಹರಿಯಲು ರಂಧ್ರವಿರುತ್ತದೆ, ದಪ್ಪ ಅರ್ಧ ಮಿಲಿಮೀಟರಿಗೂ ಹೆಚ್ಚಿರುವುದುಂಟು. ಅಕ್ಯುಪಂಕ್ಚರ್ ಸೂಜಿಗೆ ರಂಧ್ರವಿಲ್ಲ, ದಪ್ಪ ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟು. ಬಗ್ಗಿಸಿದರೆ ಬಳುಕುತ್ತದೆ. ಇದರಿಂದ ಯಾವ ಔಷಧಿಯನ್ನೂ ಒಳಗೆ ಬಿಡುವುದಿಲ್ಲ.

ವೈದ್ಯೆ ಕೈ ತೊಳೆದು, ಮೊಹರು ಮಾಡಿದ ಹೊಸ ಪೊಟ್ಟಣವನ್ನು ನನ್ನ ಎದುರಿಗೇ ಹರಿದರು. ಸೊಂಟದ ಎರಡೂ ಬದಿಗೆ, ಮಂಡಿಯ ಹಿಂದಿನ ಮಡಿಕೆಯಲ್ಲಿ, ಹಿಮ್ಮಡಿಯ ಬಳಿ ಎಂದು ಒಟ್ಟು ಹತ್ತು ಸೂಜಿಗಳು. ಚುಚ್ಚುವಾಗ ಇರುವೆ ಕಡಿದಷ್ಟು ನೋವು. ಕೆಲವು ಕಡೆ ಅದೂ ತಿಳಿಯಲಿಲ್ಲ. ಆಮೇಲೆ ಸೂಜಿಯನ್ನು ಮೆಲ್ಲಗೆ ತಿರುಗಿಸಿದಾಗ ಒಳಗೆ ಭಾರ ಇಟ್ಟಂತೆ, ಜೋಮು ಹಿಡಿದಂತೆ ಒಂದು ಬಗೆಯ ಮಂದ ನೋವು ಹರಡಿತು. ಹೀಗಾಗುವುದೇ ಸರಿಯಾದ ಗುರುತೆಂದು ಚೀನೀಯರು ಎಣಿಸುತ್ತಾರೆ. ಸುಳ್ಳನೆ ಮಿಂಚು ಹೊಡೆದಂತಾದರೆ, ಉರಿ ತಾಳಲಾರದಷ್ಟಾದರೆ ಸುಮ್ಮನಿರದೆ ಕೂಡಲೇ ಹೇಳಬೇಕು.

ಇಪ್ಪತ್ತೈದು ನಿಮಿಷ ಹಾಗೆಯೇ ಮಲಗಿದ್ದೆ. ನಡುವೆ ನಿದ್ದೆಯೂ ಬಂತು. ಸೂಜಿ ತೆಗೆದಾಗ ಒಂದು ಕಡೆ ಮಾತ್ರ ರಕ್ತದ ಸಣ್ಣ ಹನಿ ಕಂಡಿತು, ಹತ್ತಿಯಿಂದ ಒತ್ತಿದರು. ಬಳಸಿದ ಸೂಜಿಗಳನ್ನು ಎಣಿಸಿ ಗಟ್ಟಿ ಡಬ್ಬಕ್ಕೆ ಹಾಕಿದರು. ಐದು ನಿಮಿಷ ಕೂತು, ನೀರು ಕುಡಿದು ಹೊರಡಿ ಎಂದರು.

ಆ ದಿನವೇ ಪವಾಡವೇನೂ ಆಗಲಿಲ್ಲ. ಸಂಜೆ ಮೈ ಹಗುರಾದಂತಿತ್ತು, ಮರುದಿನ ನೋವು ಮತ್ತೆ ಹಾಗೆಯೇ ಇತ್ತು. ವಾರಕ್ಕೆ ಎರಡರಂತೆ ಹತ್ತು ಸಲ ಹೋದ ಮೇಲೆ ನೋವು ರೂಪಾಯಿಗೆ ಎಂಟಾಣೆಯಷ್ಟು ಇಳಿಯಿತು. ಈ ನಡುವೆ ವೈದ್ಯೆ ಹೇಳಿಕೊಟ್ಟ ವ್ಯಾಯಾಮವನ್ನೂ ದಿನವೂ ಮಾಡುತ್ತಿದ್ದೆ, ಹೊರೆ ಹೊರುವುದನ್ನು ಬಿಟ್ಟಿದ್ದೆ. ಎಂಟಾಣೆಯಲ್ಲಿ ಸೂಜಿಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂದು ಕೇಳಿದರೆ ಹೇಳಲಾರೆ. ನನ್ನ ಸೊಂಟಕ್ಕೆ ಹೋಲಿಕೆಯ ತಾಕು ಇರಲಿಲ್ಲವಲ್ಲ!

ಮಾಡಬಾರದ ತಪ್ಪು

ಈ ವೈದ್ಯೆಯ ಬಳಿ ಹೋಗುವುದಕ್ಕೆ ಮೊದಲು ಲೇಖಕನು ಮಾಡಿದ ತಪ್ಪೊಂದಿದೆ. ಅದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು. ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ.

ನೆಂಟರೊಬ್ಬರ ಮಾತು ಕೇಳಿ ಮೊದಲು ಬೇರೊಬ್ಬರ ಬಳಿ ಹೋಗಿದ್ದೆ. ಅವರು ಸೂಜಿಯನ್ನೂ ಚುಚ್ಚಲಿಲ್ಲ. ಮಣಿಕಟ್ಟನ್ನು ಬೆರಳಿನಿಂದ ಮುಟ್ಟಿ, "ನಿಮ್ಮ ಸೊಂಟನೋವಿಗೆ ಮಾತ್ರೆಗಳ ವಿಷವೇ ಕಾರಣ. ಸಕ್ಕರೆಯ ಮಾತ್ರೆ ನಿಲ್ಲಿಸಿ. ರಕ್ತಪರೀಕ್ಷೆಯೂ ಬೇಡ. ದೇಹ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ" ಎಂದರು. ಹಣವನ್ನೂ ಹೆಚ್ಚು ಕೇಳಲಿಲ್ಲ, ಮಾತೂ ನಯವಾಗಿತ್ತು. ಹನ್ನೊಂದು ವರ್ಷದಿಂದ ನುಂಗುತ್ತಿದ್ದ ಮಾತ್ರೆಗಳನ್ನು ಬಿಟ್ಟುಬಿಟ್ಟೆ. ಮನೆಯವಳು, "ದೊಡ್ಡ ಡಾಕ್ಟರನ್ನು ಒಂದು ಮಾತು ಕೇಳಬಾರದೇ?" ಎಂದಳು. ಕೇಳಲಿಲ್ಲ.

ಮೊದಲ ವಾರ ಏನೂ ತಿಳಿಯಲಿಲ್ಲ. ಆಮೇಲೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಬಾಯಿ ಒಣಗುವುದು, ಕಣ್ಣು ಮಂಜಾಗುವುದು ಮೊದಲಾಯಿತು. ಅವರನ್ನು ಕೇಳಿದರೆ, "ಕಶ್ಮಲ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ" ಎಂದರು. ಇಪ್ಪತ್ತನಾಲ್ಕನೆಯ ದಿನ ಮಗ ಬಲವಂತವಾಗಿ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದ. ಹಸಿದ ಹೊಟ್ಟೆಯ ಸಕ್ಕರೆ 128 ಇದ್ದದ್ದು 286ಕ್ಕೆ ಏರಿತ್ತು. ಆರೋಗ್ಯವಂತರಲ್ಲಿ ಇದು 100ರ ಒಳಗಿರಬೇಕು. ಕಾಲ್ಬೆರಳಿನ ಸಂದಿಯಲ್ಲಿ ಸೋಗೆ ತರಚಿದ ಸಣ್ಣ ಗಾಯವೊಂದು ಮಾಯದೆ ಕೀವು ಕಟ್ಟಿತ್ತು. ಇನ್ನೂ ಹದಿನೈದು ದಿನ ತಡೆದಿದ್ದರೆ ಬೆರಳು ಉಳಿಯುತ್ತಿತ್ತೋ ಇಲ್ಲವೋ ಎಂದರು ಡಾಕ್ಟರು.

ಸುಳಿ ಕೊರಕ ಬಿದ್ದ ಕಬ್ಬಿನಲ್ಲಿ ಒಣಗಿದ ಸುಳಿಯನ್ನು ಎಳೆದರೆ ಸುಲಭವಾಗಿ ಕೈಗೆ ಬರುತ್ತದೆ. ಒಣಸುಳಿ ಹೋಯಿತೆಂದು ಹುಳುವೂ ಹೋಯಿತೆಂದು ಯಾವ ಬೆಳೆಗಾರನೂ ತಿಳಿಯುವುದಿಲ್ಲ. ಆದರೆ ನಮ್ಮ ದೇಹದ ವಿಷಯದಲ್ಲಿ ಇದೇ ತಪ್ಪನ್ನು ಮಾಡುತ್ತೇವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇವು ನೋವಿಲ್ಲದೆ ಒಳಗೊಳಗೇ ಕೊರೆಯುವ ಕಾಯಿಲೆಗಳು. ಮೈ ಹಗುರಾಯಿತೆಂಬುದರಿಂದ ಅವು ಹೋದವೆಂದು ಹೇಳಲಾಗದು. ರಕ್ತಪರೀಕ್ಷೆ, ಒತ್ತಡದ ಅಳತೆ ಇವೇ ಸಾಕ್ಷಿ.

ಆದ್ದರಿಂದ ಈ ಕೆಳಗಿನ ಔಷಧಿಗಳನ್ನು ಯಾರು ಹೇಳಿದರೂ, ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸತಕ್ಕದ್ದಲ್ಲ: ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಹೃದಯದ ಮಾತ್ರೆ, ಕ್ಷಯದ ಮಾತ್ರೆ, ಅಪಸ್ಮಾರದ ಮಾತ್ರೆ, ಥೈರಾಯ್ಡ್ ಮಾತ್ರೆ. ಇನ್ಸುಲಿನ್ನನ್ನೇ ನಂಬಿ ಬದುಕಿರುವ ಮಕ್ಕಳಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದಂತಾಗಬಹುದು.

ಯಾರಿಗೆ ಹೆಚ್ಚಿನ ಎಚ್ಚರ ಬೇಕು

ಸರಿಯಾಗಿ ಮಾಡಿದರೆ ಸೂಜಿ ಚಿಕಿತ್ಸೆಯಲ್ಲಿ ದೊಡ್ಡ ಅಪಾಯಗಳು ವಿರಳ. 2001ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ತರಬೇತಾದವರು ಮಾಡಿದ ಸುಮಾರು 34,000 ಚಿಕಿತ್ಸೆಗಳಲ್ಲಿ ಗಂಭೀರ ಅನಾಹುತ ಒಂದೂ ಕಂಡುಬರಲಿಲ್ಲ. ಆದರೂ ತಿಳಿಯದವರು ಎದೆ, ಬೆನ್ನಿನ ಮೇಲ್ಭಾಗ, ಹೆಗಲಿನಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತಾದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿ ಕಾಮಾಲೆ ಹರಡಿದ್ದೂ ಉಂಟು.

ಗರ್ಭಿಣಿಯರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯವರು ಇದನ್ನು ಮೊದಲೇ ಹೇಳಬೇಕು. ಸೂಜಿಗೆ ತಂತಿ ಜೋಡಿಸಿ ಸಣ್ಣ ವಿದ್ಯುತ್ತು ಹಾಯಿಸುವ ಕ್ರಮವೂ ಇದೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟವರಿಗೆ ಅದು ಸಲ್ಲದು. ಕೆಲವರು ಮಾಚಿಪತ್ರೆಯ ಜಾತಿಯ ಎಲೆಯನ್ನು ಒಣಗಿಸಿ ಉಂಡೆ ಮಾಡಿ ಹೊತ್ತಿಸಿ ಬಿಂದುಗಳಿಗೆ ಕಾವು ಕೊಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ತಗ್ಗಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಅವರು ಪಾದಕ್ಕೆ ಕಾವನ್ನು ಮಾಡಿಸಿಕೊಳ್ಳಬಾರದು, ಸೂಜಿಯನ್ನೂ ಡಾಕ್ಟರನ್ನು ಕೇಳದೆ ಚುಚ್ಚಿಸಿಕೊಳ್ಳಬಾರದು.

ಕೆಲವು ನೋವುಗಳಿಗೆ ಸೂಜಿಯನ್ನು ನೆನೆಯುವುದೇ ತಪ್ಪು. ಎದೆ ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ನೋವು ಹರಿದರೆ, ಬೆವರಿದರೆ, ಅದು ಹೃದಯದ ಕರೆ. ತಡಮಾಡದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲು ಬಲವಿಲ್ಲದಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ.

ಯಾರ ಬಳಿ ಹೋಗಬೇಕು

ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಾಲಯವು 2019ರಲ್ಲಿ ಅಕ್ಯುಪಂಕ್ಚರನ್ನು ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಆದರೆ ಇದನ್ನು ನಿಯಂತ್ರಿಸಲು ಪಶ್ಚಿಮ ಬಂಗಾಳ 1996ರಲ್ಲಿ, ಮಹಾರಾಷ್ಟ್ರ 2015ರಲ್ಲಿ ಮಾಡಿದಂತೆ ಪ್ರತ್ಯೇಕ ಶಾಸನ ಮಾಡಿದ ರಾಜ್ಯಗಳು ಕೆಲವೇ. ಆದ್ದರಿಂದ ಫಲಕ ನೋಡಿ ನಂಬುವುದಕ್ಕಿಂತ ಓದು ಕೇಳಿ ನಂಬುವುದು ಜಾಣತನ.

ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿಗೆ ತರಬೇತಿಯೂ ಸೇರಿ ಐದೂವರೆ ವರ್ಷದ ಓದಿದೆ. ಅದರಲ್ಲಿ ದೇಹರಚನೆ, ರೋಗ ಪರೀಕ್ಷೆಗಳ ಜೊತೆಗೆ ಅಕ್ಯುಪಂಕ್ಚರನ್ನೂ ಕಲಿಸುತ್ತಾರೆ. ಕರ್ನಾಟಕದಲ್ಲಿ ಉಜಿರೆಯ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜು 1989ರಿಂದ ಇಂಥ ವೈದ್ಯರನ್ನು ತಯಾರು ಮಾಡುತ್ತಿದೆ. ತಮಿಳುನಾಡಿನಲ್ಲಿ ಚೆನ್ನೈನಲ್ಲಿ ಸರ್ಕಾರಿ ಕಾಲೇಜೇ ಇದೆ. ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಯೋಗ ಮತ್ತು ಪ್ರಕೃತಿ ಚಿಕಿತ್ಸೆಯ ವಿಭಾಗಗಳೂ ಇವೆ. ಅಲ್ಲಿ ಮೊದಲು ವಿಚಾರಿಸುವುದು ಉತ್ತಮ.

ಯಾರ ಬಳಿ ಹೋದರೂ ಸಂಕೋಚಪಡದೆ ಕೇಳಬೇಕಾದ ಪ್ರಶ್ನೆಗಳಿವು:

1. ತಾವು ಎಲ್ಲಿ, ಎಷ್ಟು ವರ್ಷ ಓದಿದ್ದೀರಿ? ನೋಂದಣಿ ಇದೆಯೇ?
2. ಸೂಜಿ ಹೊಸದೇ? ನನ್ನ ಎದುರಿಗೆ ಪೊಟ್ಟಣ ಬಿಚ್ಚುವಿರಾ?
3. ನನ್ನ ನೋವಿಗೆ ಎಷ್ಟು ಸಲ ಬರಬೇಕು? ಪ್ರತಿ ಸಲಕ್ಕೆ ಎಷ್ಟು ಹಣ?
4. ಎಷ್ಟು ಸಲದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು?
5. ನಾನು ನುಂಗುತ್ತಿರುವ ಮಾತ್ರೆಗಳನ್ನು ಮುಂದುವರಿಸಬಹುದಲ್ಲವೇ?

ಐದನೆಯ ಪ್ರಶ್ನೆಗೆ "ಮಾತ್ರೆ ಬಿಡಿ" ಎಂಬ ಉತ್ತರ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ. ನಾಲ್ಕನೆಯದಕ್ಕೆ ಉತ್ತರವೇ ಇಲ್ಲದಿದ್ದರೂ ಯೋಚಿಸಿ. ಐದಾರು ಸಲ ಹೋದರೂ ಸ್ವಲ್ಪವೂ ವ್ಯತ್ಯಾಸ ಕಾಣದಿದ್ದರೆ ಕಟಾವಿನ ಹಣವನ್ನು ಅಲ್ಲಿ ಸುರಿಯುವುದರಲ್ಲಿ ಅರ್ಥವಿಲ್ಲ.

ಹೋಗುವ ದಿನ ಆಸ್ಪತ್ರೆಯ ಚೀಟಿ ಮತ್ತು ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ಹಗುರವಾಗಿ ತಿಂದು ಹೋಗಿ. ಸಡಿಲ ಬಟ್ಟೆ ಉಟ್ಟಿರಿ. ಮೊದಲ ದಿನ ಮನೆಯವರೊಬ್ಬರು ಜೊತೆಗಿರಲಿ. ಹಿಂತಿರುಗುವಾಗ ತಲೆ ಸುತ್ತಬಹುದಾದ್ದರಿಂದ ನೀವೇ ಮೋಟಾರ್ ಸೈಕಲ್ ಓಡಿಸದಿರುವುದು ಲೇಸು. ಆ ದಿನ ಭಾರ ಎತ್ತಬೇಡಿ. ಚುಚ್ಚಿದ ಕಡೆ ಸ್ವಲ್ಪ ನೀಲಿಗಟ್ಟಿದರೆ ಹೆದರಬೇಕಿಲ್ಲ. ಆದರೆ ಉಸಿರಾಡಲು ಕಷ್ಟವಾದರೆ, ಎದೆಯಲ್ಲಿ ನೋವು ಬಂದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಮಾತು

ಸೂಜಿಯನ್ನು ತೆಗೆದ ಮೇಲೆ ನಾವು ಮರಳುವುದು ಅದೇ ಹೊಲಕ್ಕೆ, ಅದೇ ಕೆಲಸಕ್ಕೆ. ಆದ್ದರಿಂದ ಸೊಂಟದ ನಿಜವಾದ ರಕ್ಷಣೆ ನಮ್ಮ ಕೈಯಲ್ಲಿಯೇ ಇದೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಬಗ್ಗದೆ ನಡುನಡುವೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯುವುದು, ಹೊರೆಯನ್ನು ಸಣ್ಣದಾಗಿ ಕಟ್ಟಿಸುವುದು, ಎತ್ತುವಾಗ ನಡು ಬಗ್ಗಿಸದೆ ಮಂಡಿ ಮಡಿಸುವುದು, ನೋವು ಬಂದಾಗ ವಾರಗಟ್ಟಲೆ ಹಾಸಿಗೆ ಹಿಡಿಯದೆ ಆದಷ್ಟು ಓಡಾಡುತ್ತಿರುವುದು, ಇವಕ್ಕೆ ಹಣ ಬೇಕಿಲ್ಲ.

ನೋವಿಗೆ ಆಸರೆಯಾಗಿ ಸೂಜಿ ಚಿಕಿತ್ಸೆಯನ್ನು ಒಮ್ಮೆ ಮಾಡಿಸಿ ನೋಡುವುದರಲ್ಲಿ ತಪ್ಪಿಲ್ಲ. ರೋಗ ಯಾವುದೆಂದು ಮೊದಲು ಡಾಕ್ಟರಿಂದ ತಿಳಿದು, ಓದಿದವರ ಬಳಿ ಹೋಗಿ, ನುಂಗುವ ಮಾತ್ರೆಯನ್ನು ಬಿಡದೆ ಮಾಡಿಸಿಕೊಳ್ಳಿ. ನನ್ನ ಕಾಲ್ಬೆರಳಿನ ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಈ ಲೇಖನ ಓದಿದ ಬೆಳೆಗಾರರಲ್ಲಿ ಒಬ್ಬರಾದರೂ ಮಾತ್ರೆಯ ಡಬ್ಬಿಯನ್ನು ಮೂಲೆಗೆಸೆಯುವ ಮುನ್ನ ಒಂದು ಕ್ಷಣ ಯೋಚಿಸಿದರೆ ಬರೆದದ್ದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.